ಮೂತ್ರದ ಅವಸರ ಮತ್ತು ದೇಹದ ರಾಸಾಯನಿಕ ಸಂದೇಶಗಳು

ಸಂಘದ ಮಹಾಸಭೆಗೆ ಬರುವ ಹಿರಿಯ ಸದಸ್ಯರಲ್ಲಿ ಕೆಲವರು ಪ್ರತಿ ವರ್ಷವೂ ಬಾಗಿಲ ಪಕ್ಕದ ಕುರ್ಚಿಯನ್ನೇ ಹುಡುಕಿ ಕೂರುವುದನ್ನು ಬಹಳ ಮಂದಿ ಗಮನಿಸಿರಬಹುದು. ಗಾಳಿ ಬರಲೆಂದು ಅಲ್ಲಿ ಕೂತಿದ್ದಾರೆಂದು ನಾವು ತಿಳಿಯುತ್ತೇವೆ. ನಿಜವಾದ ಕಾರಣ ಬೇರೆ. ಲೆಕ್ಕಪತ್ರ ಓದಿ ಮುಗಿಯುವುದರೊಳಗೆ ಅವರು ಎರಡು ಸಲ ಎದ್ದು ಹೊರಗೆ ಹೋಗಿ ಬರಬೇಕಾಗುತ್ತದೆ. ಪೇಟೆಗೆ ಎರಡು ಗಂಟೆಯ ಬಸ್ ಪ್ರಯಾಣವಿದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಬಿಡುವವರಿದ್ದಾರೆ. ಕಾಫಿ ಕೊಯ್ಲಿನ ದಿನಗಳಲ್ಲಿ ತೋಟದಲ್ಲಿ ಮರೆಯ ಜಾಗ ಸಿಗುವುದಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ಒಂದು ಲೋಟ ನೀರನ್ನೂ ಕುಡಿಯದ ಹೆಂಗಸರಿದ್ದಾರೆ. ಇವರಲ್ಲಿ ಹೆಚ್ಚಿನವರು ತಮ್ಮ ತೊಂದರೆಯನ್ನು ಮನೆಯವರಿಗೂ ಹೇಳುವುದಿಲ್ಲ. ಕೇಳಿದರೆ "ವಯಸ್ಸಾಯಿತಲ್ಲ" ಎಂದೋ "ಸ್ವಲ್ಪ ಉಷ್ಣ" ಎಂದೋ ಮಾತು ಮುಗಿಸುತ್ತಾರೆ.

ಈ ತೊಂದರೆಯಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮೂತ್ರಕೋಶ, ಬೆನ್ನುಹುರಿ ಮತ್ತು ಮಿದುಳುಗಳ ನಡುವೆ ಹೋಗಿ ಬರುವ ರಾಸಾಯನಿಕ ಸಂದೇಶಗಳಲ್ಲಿ ಏರುಪೇರಾದಾಗ ಇದು ತಲೆದೋರುತ್ತದೆ. ಈ ಸಂದೇಶಗಳ ಸ್ವರೂಪ ಕಳೆದ ನೂರು ವರ್ಷಗಳಲ್ಲಿ ಸಾಕಷ್ಟು ತಿಳಿದುಬಂದಿದೆ, ಚಿಕಿತ್ಸೆಯೂ ಇದೆ. ನಾವು ಬೆಳೆಯುವ ಅಡಿಕೆ, ಕಾಫಿ, ನಾವು ಗಿಡಗಳಿಗೆ ಹೊಡೆಯುವ ಕೆಲವು ಕೀಟನಾಶಕಗಳು, ಇವೆಲ್ಲವೂ ಇದೇ ಸಂದೇಶಗಳ ದಾರಿಯಲ್ಲಿ ಕೈಹಾಕುವ ವಸ್ತುಗಳು. ಆದಕಾರಣ ಈ ವಿಷಯವನ್ನು ಬೆಳೆಗಾರ ಬಾಂಧವರು ಇತರರಿಗಿಂತ ಸ್ವಲ್ಪ ಹೆಚ್ಚಾಗಿಯೇ ತಿಳಿದಿರುವುದು ಒಳ್ಳೆಯದು.

ತೊಂದರೆ ಎಂದರೆ ಯಾವುದು?

ವೈದ್ಯರು ಇದನ್ನು ಓವರ್‌ಆಕ್ಟಿವ್ ಬ್ಲ್ಯಾಡರ್ ಎನ್ನುತ್ತಾರೆ. ಅತಿಚುರುಕು ಮೂತ್ರಕೋಶ ಎಂದು ನಾವು ಕರೆಯೋಣ. ಇದರ ಮುಖ್ಯ ಲಕ್ಷಣ ತಡೆಯಲಾಗದ ಅವಸರ. ಮೂತ್ರದ ಸೂಚನೆ ನಿಧಾನವಾಗಿ ಬಾರದೆ ಒಮ್ಮೆಲೇ ಬಂದು, ಆ ಕ್ಷಣವೇ ಹೋಗದಿದ್ದರೆ ಆಗದೆನ್ನುವ ಸ್ಥಿತಿ. ಇದರೊಂದಿಗೆ ಹಗಲಲ್ಲಿ ಪದೇಪದೇ ಹೋಗುವುದು, ರಾತ್ರಿ ಎದ್ದು ಹೋಗುವುದು ಸಾಮಾನ್ಯವಾಗಿ ಇರುತ್ತದೆ. ಕೆಲವರಿಗೆ ಬಚ್ಚಲು ತಲುಪುವ ಮೊದಲೇ ಬಟ್ಟೆ ಒದ್ದೆಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ. ಮೂತ್ರದ ಸೋಂಕು, ಕಲ್ಲು, ಗಡ್ಡೆ ಮುಂತಾದ ಬೇರೆ ಕಾರಣಗಳು ಇಲ್ಲವೆಂದು ಖಚಿತವಾದ ಮೇಲೆಯೇ ಈ ಹೆಸರು ಹೇಳುವುದು ಸರಿ.

ಆರೋಗ್ಯವಂತರ ಮೂತ್ರಕೋಶ ಸುಮಾರು 400ರಿಂದ 500 ಮಿಲಿಲೀಟರ್ ಹಿಡಿಯುತ್ತದೆ. ಅದರಲ್ಲಿ 150ರಿಂದ 200 ಮಿಲಿಲೀಟರ್ ಸೇರಿದಾಗ ಮೊದಲ ಸೂಚನೆ ಬರುತ್ತದೆ. ಆದರೂ ಕೈಯಲ್ಲಿದ್ದ ಕೆಲಸ ಮುಗಿಸಿ ನಿಧಾನವಾಗಿ ಹೋಗಬಹುದು. ಹಗಲಲ್ಲಿ ಏಳು ಸಲದವರೆಗೆ ಹೋಗುವುದನ್ನು ಸಾಧಾರಣವೆನ್ನುತ್ತಾರೆ. ಅತಿಚುರುಕಿನವರಿಗೆ ಸ್ವಲ್ಪವೇ ಸೇರಿದರೂ ಕೋಶ ತುಂಬಿ ತುಳುಕುತ್ತಿದೆಯೆಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ.

ಇದು ವಿರಳವಾದ ಕಾಯಿಲೆಯಲ್ಲ. ಯುರೋಪಿನ ನಾಲ್ಕು ದೇಶಗಳಲ್ಲಿ ಮತ್ತು ಕೆನಡಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ನೂರಕ್ಕೆ ಸುಮಾರು 12 ಮಂದಿಯಲ್ಲಿ ಇದರ ಲಕ್ಷಣಗಳು ಕಂಡುಬಂದವು. ಗಂಡಸರು, ಹೆಂಗಸರು ಇಬ್ಬರಲ್ಲೂ ಇದೆ. ವಯಸ್ಸಾದಂತೆ ಹೆಚ್ಚುತ್ತದೆಂಬುದು ನಿಜ. ಆದರೆ ವಯಸ್ಸಾದವರೆಲ್ಲರಿಗೂ ಬರುವುದಿಲ್ಲ, ಬಂದವರೆಲ್ಲರೂ ವಯಸ್ಸಾದವರಲ್ಲ.

ಕೆರೆ, ತೂಬು ಮತ್ತು ನೀರುಗಂಟಿ

ಮೂತ್ರಕೋಶವನ್ನು ಒಂದು ಕೆರೆಗೆ ಹೋಲಿಸಬಹುದು. ಮೂತ್ರಪಿಂಡಗಳಿಂದ ಹನಿಹನಿಯಾಗಿ ನೀರು ಬಂದು ಸೇರುತ್ತದೆ. ಕೆಳಗೆ ತೂಬು ಇದೆ. ಸಾಮಾನ್ಯ ಕೆರೆಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ ಈ ಕೆರೆಯ ದಂಡೆ ಸ್ನಾಯುವಿನಿಂದ ಆಗಿದೆ. ತುಂಬುವಾಗ ದಂಡೆ ಸಡಿಲಗೊಂಡು ಹಿಗ್ಗಬೇಕು, ತೂಬು ಬಿಗಿಯಾಗಿರಬೇಕು. ಖಾಲಿಮಾಡುವಾಗ ಇದಕ್ಕೆ ವಿರುದ್ಧವಾಗಿ ದಂಡೆ ಹಿಂಡಬೇಕು, ತೂಬು ತೆರೆಯಬೇಕು. ಎರಡೂ ಒಟ್ಟಿಗೆ, ಸರಿಯಾದ ಕ್ರಮದಲ್ಲಿ ನಡೆಯಬೇಕು.

ಇದನ್ನು ನೋಡಿಕೊಳ್ಳುವ ನೀರುಗಂಟಿ ಮಿದುಳಿನಲ್ಲಿದ್ದಾನೆ. ಮಿದುಳಿನ ಬುಡದಲ್ಲಿ, ಬೆನ್ನುಹುರಿ ಆರಂಭವಾಗುವ ಸ್ಥಳಕ್ಕಿಂತ ಸ್ವಲ್ಪ ಮೇಲೆ, ಮೂತ್ರವಿಸರ್ಜನೆಯ ಅಪ್ಪಣೆ ಕೊಡುವ ಒಂದು ಕೇಂದ್ರವಿದೆ. ಬ್ಯಾರಿಂಗ್ಟನ್ ಎಂಬ ಬ್ರಿಟಿಷ್ ವೈದ್ಯರು 1920ರ ದಶಕದಲ್ಲಿ ಬೆಕ್ಕುಗಳ ಮೇಲೆ ಪ್ರಯೋಗ ನಡೆಸಿ ಇದನ್ನು ಗುರುತಿಸಿದರು. ಈ ಕೇಂದ್ರದ ಮೇಲೆ ಮಿದುಳಿನ ಮುಂಭಾಗದ ಹತೋಟಿ ಇರುತ್ತದೆ. "ಈಗ ಬೇಡ, ಸಭೆ ಮುಗಿಯಲಿ" ಎಂದು ತಡೆಹಿಡಿಯುವುದು ಆ ಮುಂಭಾಗವೇ. ಎಳೆಯ ಮಗುವಿನಲ್ಲಿ ಈ ಹತೋಟಿ ಇನ್ನೂ ಬೆಳೆದಿರುವುದಿಲ್ಲ, ಆದ್ದರಿಂದ ತುಂಬಿದೊಡನೆ ತಾನಾಗಿ ಖಾಲಿಯಾಗುತ್ತದೆ.

ಸುದ್ದಿ ಒಯ್ಯುವ ವಸ್ತುಗಳು

ನರಗಳಲ್ಲಿ ಸುದ್ದಿ ಹರಿಯುವುದು ವಿದ್ಯುತ್ತಿನ ರೂಪದಲ್ಲಿ. ಆದರೆ ನರದ ತುದಿಗೂ ಸ್ನಾಯುವಿಗೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಆ ಸಂದನ್ನು ದಾಟಿ ಸುದ್ದಿ ಹೋಗುವುದು ಹೇಗೆ? ಇದಕ್ಕೆ 1921ರಲ್ಲಿ ಆಸ್ಟ್ರಿಯಾ ದೇಶದಲ್ಲಿದ್ದ ಆಟೋ ಲೋವಿ ಎಂಬ ವಿಜ್ಞಾನಿ ಸರಳವಾದ ಪ್ರಯೋಗದಿಂದ ಉತ್ತರ ಕಂಡುಕೊಂಡರು. ಅವರು ಎರಡು ಕಪ್ಪೆಗಳ ಹೃದಯಗಳನ್ನು ದ್ರವದಲ್ಲಿ ಇರಿಸಿದರು. ಮೊದಲನೆಯದರ ನರವನ್ನು ಪ್ರಚೋದಿಸಿದಾಗ ಅದರ ಬಡಿತ ನಿಧಾನವಾಯಿತು. ಅದರ ಸುತ್ತ ಇದ್ದ ದ್ರವವನ್ನು ತೆಗೆದು ಎರಡನೆಯ ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಅಂದರೆ ನರದ ತುದಿಯಿಂದ ಯಾವುದೋ ಒಂದು ವಸ್ತು ಹೊರಬಂದು ದ್ರವದಲ್ಲಿ ಸೇರಿತ್ತು. ಆ ವಸ್ತು ಅಸಿಟೈಲ್‌ಕೋಲೀನ್ ಎಂದು ಮುಂದೆ ಸಿದ್ಧವಾಯಿತು. 1936ರಲ್ಲಿ ಲೋವಿ ಅವರಿಗೂ ಇಂಗ್ಲೆಂಡಿನ ಹೆನ್ರಿ ಡೇಲ್ ಅವರಿಗೂ ಒಟ್ಟಾಗಿ ನೊಬೆಲ್ ಪಾರಿತೋಷಕ ಸಂದಿತು.

ಈ ವಸ್ತು ಒಂದು ಬೀಗದಕೈ ಇದ್ದಂತೆ. ಸ್ನಾಯುವಿನ ಜೀವಕೋಶಗಳ ಮೇಲೆ ಅದಕ್ಕೆ ಹೊಂದುವ ಬೀಗಗಳಿವೆ. ಕೈ ಬೀಗದೊಳಗೆ ಹೊಕ್ಕರೆ ಕೆಲಸ ಆರಂಭವಾಗುತ್ತದೆ. ಕೆಲಸ ಮುಗಿದೊಡನೆ ಒಂದು ಕಿಣ್ವವು ಆ ಕೈಯನ್ನು ತುಂಡರಿಸಿ ಹಾಕುತ್ತದೆ. ಇಲ್ಲವಾದರೆ ಬೀಗ ತೆರೆದೇ ಇದ್ದು ಸ್ನಾಯು ಹಿಂಡುತ್ತಲೇ ಇರುತ್ತದೆ. ಬೀಗ, ಬೀಗದಕೈ, ಕೈಯನ್ನು ಮುರಿಯುವ ಕಿಣ್ವ, ಈ ಮೂರನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮೂತ್ರಕೋಶದಲ್ಲಿ ಎರಡು ಬಗೆಯ ಆಜ್ಞೆಗಳು ನಡೆಯುತ್ತವೆ. ತುಂಬುವ ಹೊತ್ತಿನಲ್ಲಿ ಬೆನ್ನುಹುರಿಯ ನಡುಭಾಗದಿಂದ ಬರುವ ನರಗಳು ನಾರ್‌ಅಡ್ರಿನಲೀನ್ ಎಂಬ ವಸ್ತುವನ್ನು ಬಿಡುತ್ತವೆ. ಅದು ಕೋಶದ ಸ್ನಾಯುವಿನಲ್ಲಿ ಬೀಟಾ-3 ಎಂಬ ಬೀಗವನ್ನು ತೆರೆದು ಸ್ನಾಯುವನ್ನು ಸಡಿಲಿಸುತ್ತದೆ. ಅದೇ ವಸ್ತು ಕೋಶದ ಕುತ್ತಿಗೆಯಲ್ಲಿ ಬೇರೆ ಬೀಗವನ್ನು ತೆರೆದು ಅಲ್ಲಿ ಬಿಗಿ ಮಾಡುತ್ತದೆ. ಖಾಲಿಮಾಡುವ ಹೊತ್ತಿನಲ್ಲಿ ಬೆನ್ನುಹುರಿಯ ಕೆಳತುದಿಯಿಂದ ಬರುವ ನರಗಳು ಅಸಿಟೈಲ್‌ಕೋಲೀನನ್ನು ಬಿಡುತ್ತವೆ. ಅದು ಮಸ್ಕರಿನಿಕ್ ಎಂಬ ಜಾತಿಯ ಬೀಗಗಳನ್ನು ತೆರೆಯುತ್ತದೆ. ಇವುಗಳಲ್ಲಿ ಐದು ಬಗೆಗಳಿದ್ದು, ಮನುಷ್ಯನ ಮೂತ್ರಕೋಶ ಹಿಂಡುವುದು ಮುಖ್ಯವಾಗಿ ಮೂರನೆಯ ಬಗೆಯಿಂದ. ಇದೇ ಜಾತಿಯ ಬೀಗಗಳು ಜೊಲ್ಲಿನ ಗ್ರಂಥಿ, ಕರುಳು, ಕಣ್ಣಿನ ಪಾಪೆ, ಮಿದುಳುಗಳಲ್ಲಿಯೂ ಇವೆ ಎಂಬುದನ್ನು ಗಮನಿಸಬೇಕು.

ಒಳಪದರವೂ ಮಾತನಾಡುತ್ತದೆ

ಮೂತ್ರಕೋಶದ ಒಳಪದರವೆಂದರೆ ಬರಿಯ ಗಾರೆ ಎಂದು ಬಹುಕಾಲ ತಿಳಿಯಲಾಗಿತ್ತು. ನೀರು ಸೋರದಂತೆ ತಡೆಯುವುದಷ್ಟೇ ಅದರ ಕೆಲಸವೆಂದು ಭಾವಿಸಿದ್ದರು. ಈಗ ಆ ಅಭಿಪ್ರಾಯ ಬದಲಾಗಿದೆ. ಕೋಶ ಹಿಗ್ಗಿದಾಗ ಒಳಪದರದ ಜೀವಕೋಶಗಳು ಎ.ಟಿ.ಪಿ. ಎಂಬ ವಸ್ತುವನ್ನು ಹೊರಬಿಡುತ್ತವೆ. ಎ.ಟಿ.ಪಿ. ಎಂದರೆ ನಮ್ಮ ಎಲ್ಲ ಜೀವಕೋಶಗಳಲ್ಲೂ ಶಕ್ತಿಯ ನಾಣ್ಯದಂತೆ ಬಳಕೆಯಾಗುವ ವಸ್ತು. ಇದು ನರಗಳ ಸುದ್ದಿಗಾರನೂ ಆಗಿರಬಹುದೆಂದು ಜೆಫ್ರಿ ಬರ್ನ್‌ಸ್ಟಾಕ್ ಎಂಬ ವಿಜ್ಞಾನಿ 1972ರಲ್ಲಿ ಹೇಳಿದಾಗ ಬಹಳ ಮಂದಿ ನಂಬಲಿಲ್ಲ. ಇಂದು ಅದು ಒಪ್ಪಿತವಾದ ವಿಷಯ. ಒಳಪದರದಿಂದ ಬಂದ ಎ.ಟಿ.ಪಿ. ಪಕ್ಕದ ಸಂವೇದನಾ ನರಗಳ ಬೀಗಗಳನ್ನು ತೆರೆದು, "ಕೋಶ ತುಂಬುತ್ತಿದೆ" ಎಂಬ ಸುದ್ದಿಯನ್ನು ಮೇಲಕ್ಕೆ ಕಳುಹಿಸುತ್ತದೆ. ಈ ಬೀಗಗಳಿಲ್ಲದಂತೆ ಬೆಳೆಸಿದ ಇಲಿಗಳು ಮೂತ್ರಕೋಶ ಹೆಚ್ಚು ತುಂಬುವವರೆಗೂ ಸುಮ್ಮನಿರುತ್ತವೆಂದು 2000ದಲ್ಲಿ ತಿಳಿದುಬಂತು.

ಹಿಗ್ಗುವಿಕೆಯನ್ನು ಅರಿಯುವ ಪೀಜೋ-2 ಎಂಬ ಪ್ರೋಟೀನು ಈ ಒಳಪದರದಲ್ಲಿಯೂ ನರಗಳಲ್ಲಿಯೂ ಇದೆಯೆಂದು 2020ರಲ್ಲಿ ಆರ್ಡೆಮ್ ಪಟಪೂಟಿಯನ್ ಅವರ ತಂಡ ತೋರಿಸಿತು. ಹುಟ್ಟಿನಿಂದಲೇ ಈ ಪ್ರೋಟೀನು ಕೆಲಸ ಮಾಡದ ಕೆಲವರು ಮೂತ್ರ ತುಂಬಿದ್ದೇ ತಿಳಿಯದೆ, ಗಡಿಯಾರ ನೋಡಿಕೊಂಡು ಹೋಗುತ್ತಾರೆಂದೂ ಆ ಅಧ್ಯಯನದಲ್ಲಿ ಕಂಡುಬಂತು. ಸ್ಪರ್ಶ ಮತ್ತು ಒತ್ತಡದ ಅರಿವಿನ ಮೇಲೆ ನಡೆಸಿದ ಸಂಶೋಧನೆಗಾಗಿ 2021ರ ನೊಬೆಲ್ ಪಾರಿತೋಷಕವನ್ನು ಅವರು ಡೇವಿಡ್ ಜೂಲಿಯಸ್ ಅವರೊಂದಿಗೆ ಹಂಚಿಕೊಂಡರು.

ಸಂದೇಶ ಎಲ್ಲಿ ತಪ್ಪುತ್ತದೆ?

ಅತಿಚುರುಕಿಗೆ ಕಾರಣ ಒಂದೇ ಅಲ್ಲ. ದಾರಿಯ ಯಾವ ಭಾಗದಲ್ಲಾದರೂ ತಪ್ಪು ನಡೆಯಬಹುದು.

ಮೊದಲನೆಯದಾಗಿ, ಒಳಪದರ ಅಗತ್ಯಕ್ಕಿಂತ ಹೆಚ್ಚು ಎ.ಟಿ.ಪಿ. ಬಿಡಬಹುದು. ವಯಸ್ಸಾದಂತೆ ನರಗಳ ಅಪ್ಪಣೆಯಿಲ್ಲದೆಯೇ ಈ ಪದರದಿಂದ ಅಸಿಟೈಲ್‌ಕೋಲೀನ್ ಸಹ ಹೆಚ್ಚಾಗಿ ಜಿನುಗುತ್ತದೆ. ಕೆರೆ ಅರ್ಧವೂ ತುಂಬದಿರುವಾಗ ಕೋಡಿ ಬಿದ್ದಿತೆಂದು ಕೂಗಿದಂತೆ ಇದು.

ಎರಡನೆಯದಾಗಿ, ಸ್ನಾಯುವೇ ಮುಂಗೋಪಿಯಾಗಬಹುದು. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿ ಕಿರಿದಾದರೆ, ಕೋಶದ ಸ್ನಾಯು ವರ್ಷಗಟ್ಟಲೆ ಬಲವಾಗಿ ಹಿಂಡಬೇಕಾಗುತ್ತದೆ. ಆಗ ಅದರೊಳಗಿನ ನರಗಳಲ್ಲಿ ಕೆಲವು ನಶಿಸಿ, ಉಳಿದ ಸ್ವಲ್ಪ ಸಂದೇಶಕ್ಕೂ ಸ್ನಾಯು ಅತಿಯಾಗಿ ಸ್ಪಂದಿಸತೊಡಗುತ್ತದೆ.

ಮೂರನೆಯದಾಗಿ, ಮೇಲಿನ ಹತೋಟಿ ಸಡಿಲವಾಗಬಹುದು. ಪಾರ್ಶ್ವವಾಯು, ಪಾರ್ಕಿನ್‌ಸನ್ ಕಾಯಿಲೆ, ಮರದಿಂದ ಬಿದ್ದು ಬೆನ್ನುಹುರಿಗೆ ಆದ ಪೆಟ್ಟು, ಇವುಗಳಲ್ಲಿ ನೀರುಗಂಟಿಯ ಮಾತು ಕೆಳಗೆ ತಲುಪುವುದಿಲ್ಲ.

ಇವಲ್ಲದೆ ಸೋಂಕು, ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಕೊಡುವ ಮೂತ್ರ ಹೆಚ್ಚಿಸುವ ಗುಳಿಗೆ, ತೀವ್ರ ಮಲಬದ್ಧತೆ, ಇವು ಇದೇ ಲಕ್ಷಣಗಳನ್ನು ತೋರಿಸಬಲ್ಲವು. ಆದ್ದರಿಂದ ಮೂತ್ರ ಮತ್ತು ರಕ್ತದಲ್ಲಿ ಸಕ್ಕರೆಯ ಪರೀಕ್ಷೆ, ಮೂತ್ರದ ಸೋಂಕಿನ ಪರೀಕ್ಷೆ ಮೊದಲು ಆಗಬೇಕು.

ನಮ್ಮ ಅಡಿಕೆ, ನಮ್ಮ ಕಾಫಿ

ಅಡಿಕೆಯಲ್ಲಿರುವ ಮುಖ್ಯ ಕ್ಷಾರವಸ್ತು ಅರಿಕೋಲೀನ್. ಇದನ್ನು 1888ರಲ್ಲಿ ಜರ್ಮನಿಯಲ್ಲಿ ಬೇರ್ಪಡಿಸಲಾಯಿತು. ಇದರ ಗುಣವೆಂದರೆ ಇದು ಅಸಿಟೈಲ್‌ಕೋಲೀನಿನ ನಕಲಿ ಕೈ. ಅದೇ ಮಸ್ಕರಿನಿಕ್ ಬೀಗಗಳನ್ನು ಇದೂ ತೆರೆಯುತ್ತದೆ. ಹೊಸಬರು ಅಡಿಕೆ ಹಾಕಿಕೊಂಡಾಗ ಬಾಯಲ್ಲಿ ನೀರೂರಿ, ಮೈ ಬೆಚ್ಚಗಾಗಿ ಬೆವರುವುದಕ್ಕೆ ಇದೇ ಕಾರಣ. ಸುಣ್ಣ ಸೇರಿದಾಗ ಅರಿಕೋಲೀನಿನ ಒಂದು ಭಾಗ ಅರಿಕೈಡೀನ್ ಎಂಬ ಬೇರೆ ವಸ್ತುವಾಗಿ ಮಾರ್ಪಡುತ್ತದೆ.

ಇಷ್ಟರಿಂದಲೇ ಅತಿಚುರುಕಿಗೆ ಅಡಿಕೆಯೇ ಕಾರಣವೆಂದು ಹೇಳುವುದು ಸರಿಯಲ್ಲ. ದಿನಕ್ಕೆ ಒಂದೆರಡು ಸಲ ಕವಳ ಹಾಕುವವರಿಗೂ, ಬೆಳಗಿನಿಂದ ರಾತ್ರಿಯವರೆಗೆ ಬಾಯಿ ಖಾಲಿ ಬಿಡದವರಿಗೂ ವ್ಯತ್ಯಾಸವಿದೆ. ಆದರೆ ಗಮನಿಸಲೇಬೇಕಾದ ಒಂದು ಅಂಶವಿದೆ. ಅತಿಚುರುಕಿಗೆ ಕೊಡುವ ಗುಳಿಗೆಗಳಲ್ಲಿ ಹೆಚ್ಚಿನವು ಮಸ್ಕರಿನಿಕ್ ಬೀಗವನ್ನು ಮುಚ್ಚುವಂಥವು. ಅವುಗಳಿಂದ ಬಾಯಿ ಒಣಗುತ್ತದೆ. ಬಾಯಿ ಒಣಗಿದವರು ಸಹಜವಾಗಿ ಕವಳದ ತಟ್ಟೆಯ ಕಡೆ ಕೈ ಚಾಚುತ್ತಾರೆ. ಆಗ ಗುಳಿಗೆ ಮುಚ್ಚಿದ ಬೀಗವನ್ನೇ ಅಡಿಕೆ ತೆರೆಯಲು ಹೊರಟಂತಾಗುತ್ತದೆ. ಇದು ಬರಿಯ ಊಹೆಯಲ್ಲ. ಮಾನಸಿಕ ಕಾಯಿಲೆಯ ಚಿಕಿತ್ಸೆಯಲ್ಲಿದ್ದು, ಇದೇ ಗುಂಪಿಗೆ ಸೇರಿದ ಬೇರೊಂದು ಔಷಧಿಯನ್ನೂ ತೆಗೆದುಕೊಳ್ಳುತ್ತಿದ್ದ ರೋಗಿಗಳು ಅಡಿಕೆಯನ್ನು ವಿಪರೀತ ಜಗಿದಾಗ, ಆ ಔಷಧಿ ತಡೆಹಿಡಿದಿದ್ದ ಮೈ ಬಿಗಿತ, ನಡುಕ ಮತ್ತೆ ಕಾಣಿಸಿಕೊಂಡ ವರದಿ 1989ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಆದ್ದರಿಂದ ವೈದ್ಯರಲ್ಲಿ ಹೋದಾಗ ದಿನಕ್ಕೆ ಎಷ್ಟು ಕವಳ ಎಂಬುದನ್ನು ಸಂಕೋಚವಿಲ್ಲದೆ ತಿಳಿಸಬೇಕು. ಅವರು ಕೇಳದಿದ್ದರೂ ಹೇಳಬೇಕು. ಅಡಿಕೆ ಜಗಿಯುವುದರಿಂದ ಬಾಯಿಗೆ ಆಗುವ ಕೇಡು ಬೇರೆಯೇ ವಿಷಯ, ಅದೂ ಸಣ್ಣದಲ್ಲ.

ಕಾಫಿಯ ದಾರಿ ಬೇರೆ. ಅದರಲ್ಲಿರುವ ಕೆಫೀನ್ ಅಡಿನೋಸಿನ್ ಎಂಬ ವಸ್ತುವಿನ ಬೀಗಗಳನ್ನು ಮುಚ್ಚುತ್ತದೆ. ಮೂತ್ರಪಿಂಡದಲ್ಲಿ ಹೀಗಾದಾಗ ಮೂತ್ರದ ಪ್ರಮಾಣ ಹೆಚ್ಚುತ್ತದೆ. ಮಿದುಳಿನಲ್ಲಿ ನಿದ್ದೆ ಕಡಮೆಯಾಗಿ ಎಚ್ಚರ ಹೆಚ್ಚುತ್ತದೆ. ಅವಸರದ ತೊಂದರೆ ಇರುವವರಿಗೆ ಈ ಎರಡೂ ಅನುಕೂಲವಲ್ಲ. ರೊಬಸ್ಟಾ ಬೀಜದಲ್ಲಿ ಕೆಫೀನ್ ನೂರಕ್ಕೆ ಎರಡು ಭಾಗಕ್ಕಿಂತ ತುಸು ಹೆಚ್ಚು, ಅರೇಬಿಕಾದಲ್ಲಿ ಅದರ ಸುಮಾರು ಅರ್ಧದಷ್ಟು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕಾಫಿ ಬೆಳೆಗಾರರಿಗೆ ಕಾಫಿ ಬಿಡಿರೆಂದು ಹೇಳುವುದು ನಮ್ಮ ಉದ್ದೇಶವಲ್ಲ. ಕಾಫಿಯಿಂದ ಎಲ್ಲರಿಗೂ ಈ ತೊಂದರೆ ಹೆಚ್ಚುತ್ತದೆಂದೂ ಇಲ್ಲ. ತೊಂದರೆ ಇರುವವರು ಮಾತ್ರ ಎರಡು ಮೂರು ವಾರ ಕಾಫಿ, ಚಹಾ ಎರಡನ್ನೂ ಬೆಳಗಿನ ಒಂದು ಲೋಟಕ್ಕೆ ಇಳಿಸಿ, ಮಧ್ಯಾಹ್ನದ ಮೇಲೆ ಬಿಟ್ಟು ನೋಡಬಹುದು. ವ್ಯತ್ಯಾಸ ಕಂಡರೆ ಹಾಗೆಯೇ ಮುಂದುವರಿಸಬೇಕು, ಕಾಣದಿದ್ದರೆ ಕಾಫಿಯ ಮೇಲೆ ತಪ್ಪು ಹೊರಿಸಬೇಕಾಗಿಲ್ಲ. ದಿನಕ್ಕೆ ನಾಲ್ಕಾರು ಲೋಟ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರುತ್ತದೆ, ಆದ್ದರಿಂದ ಕ್ರಮೇಣ ಇಳಿಸಬೇಕು.

ಔಷಧಿ ಹೊಡೆಯುವವರ ಗಮನಕ್ಕೆ

ಅಸಿಟೈಲ್‌ಕೋಲೀನನ್ನು ತುಂಡರಿಸುವ ಕಿಣ್ವದ ವಿಷಯ ಮೇಲೆ ಹೇಳಿದೆವು. ಕ್ಲೋರ್‌ಪೈರಿಫಾಸ್ ಮುಂತಾದ ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕಗಳು ಕೀಟವನ್ನು ಕೊಲ್ಲುವುದು ಈ ಕಿಣ್ವವನ್ನು ಹಿಡಿದು ನಿಲ್ಲಿಸುವುದರಿಂದಲೇ. ಕಾರ್ಬಮೇಟ್ ಗುಂಪಿನವೂ ಇದನ್ನೇ ಮಾಡುತ್ತವೆ, ಆದರೆ ಅವುಗಳ ಹಿಡಿತ ಕಡಮೆ ಹೊತ್ತಿನದು. ಮನುಷ್ಯನಿಗೂ ಕೀಟಕ್ಕೂ ಈ ಕಿಣ್ವ ಸಮಾನ. ಚರ್ಮದ ಮೂಲಕವೋ ಉಸಿರಿನ ಮೂಲಕವೋ ಈ ವಿಷ ಒಳಗೆ ಹೋದರೆ ಅಸಿಟೈಲ್‌ಕೋಲೀನ್ ಒಡೆಯದೆ ಶೇಖರವಾಗುತ್ತದೆ. ಎಲ್ಲ ಬೀಗಗಳೂ ಒಮ್ಮೆಲೇ ತೆರೆಯುತ್ತವೆ. ಜೊಲ್ಲು, ಕಣ್ಣೀರು, ಬೆವರು ಸುರಿಯುತ್ತವೆ. ವಾಂತಿ, ಭೇದಿ ಆಗುತ್ತದೆ. ಹತೋಟಿಯಿಲ್ಲದೆ ಮೂತ್ರ ಹೋಗುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ. ಎದೆ ಬಿಗಿದು ಉಸಿರಾಟ ಕಷ್ಟವಾಗುತ್ತದೆ.

ಔಷಧಿ ಹೊಡೆದ ದಿನ ಯಾರಿಗಾದರೂ ಇಂಥ ಲಕ್ಷಣಗಳು ಕಂಡರೆ ಅದನ್ನು ಬಿಸಿಲಿನ ಬಳಲಿಕೆಯೆಂದೋ ಉಷ್ಣವೆಂದೋ ತಿಳಿದು ಮಜ್ಜಿಗೆ ಕೊಟ್ಟು ಮಲಗಿಸಬಾರದು. ಕೂಡಲೇ ಆ ಜಾಗದಿಂದ ದೂರ ಕರೆತಂದು, ಬಟ್ಟೆ ತೆಗೆಸಿ, ಸಾಬೂನು ಹಚ್ಚಿ ಮೈಯನ್ನು ಧಾರಾಳ ನೀರಿನಲ್ಲಿ ತೊಳೆದು, ಡಬ್ಬಿಯ ಚೀಟಿಯ ಸಹಿತ ಆಸ್ಪತ್ರೆಗೆ ಒಯ್ಯಬೇಕು. ತೊಳೆಯುವವರು ಕೈಗವಸು ಹಾಕಿಕೊಳ್ಳಬೇಕು. ಆಸ್ಪತ್ರೆಯಲ್ಲಿ ಕೊಡುವ ಮುಖ್ಯ ಮದ್ದು ಅಟ್ರೋಪಿನ್. ಅದು ಮಸ್ಕರಿನಿಕ್ ಬೀಗಗಳನ್ನು ಮುಚ್ಚುತ್ತದೆ.

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮೈಲುತುತ್ತ ಮತ್ತು ಸುಣ್ಣದಿಂದ ಆದದ್ದು. ಅದು ಈ ಗುಂಪಿಗೆ ಸೇರಿದ್ದಲ್ಲ.

ಅಟ್ರೋಪಿನ್ ನಮ್ಮ ಬೇಲಿಯ ಬದಿಯಲ್ಲಿ ಬೆಳೆಯುವ ಉಮ್ಮತ್ತದ ಗಿಡದಲ್ಲಿಯೂ ಇರುವ ವಸ್ತು. ಉಮ್ಮತ್ತದ ಬೀಜ ತಿಂದವರ ಬಾಯಿ ಒಣಗಿ, ಕಣ್ಣಿನ ಪಾಪೆ ಅಗಲವಾಗಿ, ಭ್ರಮೆ ಹಿಡಿದು, ಮೂತ್ರ ಕಟ್ಟಿಕೊಳ್ಳುತ್ತದೆ. ಒಂದು ವಿಷದಲ್ಲಿ ಮೂತ್ರ ತಡೆಯಲಾಗದು, ಇನ್ನೊಂದರಲ್ಲಿ ಮೂತ್ರ ಬಾರದು. ಎರಡೂ ಒಂದೇ ಬೀಗದ ಆಟ. ಹೀಗೆಂದು ಯಾರೂ ವಿಷಕ್ಕೆ ಉಮ್ಮತ್ತವನ್ನು ಮನೆಮದ್ದಾಗಿ ಕೊಡಲು ಹೋಗಬಾರದು. ಪ್ರಮಾಣ ತಪ್ಪಿದರೆ ಪ್ರಾಣಕ್ಕೇ ಅಪಾಯ.

ಗುಳಿಗೆಗಳು ಮಾಡುವ ಕೆಲಸ

ಅತಿಚುರುಕಿಗೆ ಬಳಸುವ ಗುಳಿಗೆಗಳಲ್ಲಿ ಎರಡು ಗುಂಪುಗಳಿವೆ.

ಒಂದು, ಮಸ್ಕರಿನಿಕ್ ಬೀಗವನ್ನು ಮುಚ್ಚುವವು. ಆಕ್ಸಿಬ್ಯುಟಿನಿನ್ 1970ರ ದಶಕದಲ್ಲಿ ಬಳಕೆಗೆ ಬಂತು. ಅನಂತರ ಟೊಲ್ಟೆರೊಡಿನ್, ಸೊಲಿಫೆನಾಸಿನ್, ಡಾರಿಫೆನಾಸಿನ್ ಬಂದವು. ಇವು ಅವಸರವನ್ನು ಇಳಿಸುತ್ತವೆ. ಆದರೆ ಬಾಯಿ ಒಣಗುವುದು, ಮಲಬದ್ಧತೆ, ಕಣ್ಣು ಮಂಜಾಗುವುದು ಇವುಗಳ ಜೊತೆಯಲ್ಲೇ ಬರಬಹುದು. ಅದೇ ಬೀಗಗಳು ಬೇರೆಡೆಯೂ ಇವೆಯೆಂಬುದನ್ನು ಮೇಲೆ ಕಂಡೆವಷ್ಟೆ. ಹಿರಿಯರಲ್ಲಿ ಮರೆವು, ಗೊಂದಲ ಹೆಚ್ಚಬಹುದು. ಕಣ್ಣಿನ ಒತ್ತಡದ ಕೆಲವು ಬಗೆಯ ಗ್ಲಾಕೋಮಾ ಇರುವವರು, ಮೂತ್ರ ಪೂರ್ತಿ ಖಾಲಿಯಾಗದೆ ಉಳಿಯುವವರು ಇವನ್ನು ತೆಗೆದುಕೊಳ್ಳಬಾರದು.

ಎರಡು, ಬೀಟಾ-3 ಬೀಗವನ್ನು ತೆರೆಯುವವು. ಮಿರಾಬೆಗ್ರಾನ್ 2011ರಲ್ಲಿ ಜಪಾನಿನಲ್ಲಿ ಮೊದಲು ಒಪ್ಪಿಗೆ ಪಡೆಯಿತು. ವಿಬೆಗ್ರಾನ್ ಅಲ್ಲಿಯೇ 2018ರಲ್ಲಿ ಒಪ್ಪಿಗೆ ಪಡೆಯಿತು. ಇವು ಹಿಂಡುವುದನ್ನು ತಡೆಯುವ ಬದಲು ಹಿಗ್ಗುವುದಕ್ಕೆ ನೆರವಾಗುತ್ತವೆ. ಬಾಯಿ ಒಣಗುವುದು ಕಡಮೆ. ಮಿರಾಬೆಗ್ರಾನ್ ತೆಗೆದುಕೊಳ್ಳುವವರು ರಕ್ತದೊತ್ತಡವನ್ನು ನೋಡಿಸಿಕೊಳ್ಳುತ್ತಿರಬೇಕು, ಒತ್ತಡ ಹತೋಟಿಯಿಲ್ಲದೆ ಬಹಳ ಏರಿರುವವರಿಗೆ ಅದು ಸಲ್ಲದು. ಯಾವ ಗುಂಪಿನ ಗುಳಿಗೆಯಾದರೂ ಪೂರ್ಣ ಗುಣ ಕಾಣಲು ನಾಲ್ಕರಿಂದ ಎಂಟು ವಾರ ಬೇಕು. ನಾಲ್ಕು ದಿನ ನುಂಗಿ "ಏನೂ ಆಗಲಿಲ್ಲ" ಎಂದು ಬಿಟ್ಟುಬಿಡುವುದು ನಷ್ಟವೇ.

ಗುಳಿಗೆಗಳಿಂದ ಗುಣವಾಗದವರಿಗೆ ಬೊಟ್ಯುಲಿನಮ್ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೋಶದ ಸ್ನಾಯುವಿಗೆ ಚುಚ್ಚುವ ಚಿಕಿತ್ಸೆಯಿದೆ. ಇದು ನರದ ತುದಿಯಿಂದ ಅಸಿಟೈಲ್‌ಕೋಲೀನ್ ಹೊರಬರುವುದನ್ನೇ ತಡೆಯುತ್ತದೆ. ಗುಣ ಕೆಲವು ತಿಂಗಳು ಇದ್ದು ಮತ್ತೆ ಚುಚ್ಚಬೇಕಾಗುತ್ತದೆ. ಕೆಲವರಲ್ಲಿ ಮೂತ್ರ ಕಟ್ಟಿಕೊಂಡು ತಾತ್ಕಾಲಿಕವಾಗಿ ನಳಿಕೆ ಹಾಕಿಕೊಳ್ಳಬೇಕಾಗುವುದೂ ಉಂಟು.

ಪಕ್ಕದ ಮನೆಯವರಿಗೆ ಗುಣ ಕೊಟ್ಟ ಗುಳಿಗೆಯ ಹೆಸರು ಕೇಳಿಕೊಂಡು ಅಂಗಡಿಯಿಂದ ತರುವ ಅಭ್ಯಾಸ ಇಲ್ಲಿ ಅಪಾಯಕರ. ಪ್ರಾಸ್ಟೇಟ್ ಊದಿರುವವರು ಬೀಗ ಮುಚ್ಚುವ ಗುಳಿಗೆಯನ್ನು ತಾವಾಗಿ ನುಂಗಿದರೆ ಮೂತ್ರ ಪೂರ್ತಿಯಾಗಿ ಕಟ್ಟಿಕೊಳ್ಳಬಹುದು. ನೆಗಡಿಗೆ ಕೊಡುವ, ನಿದ್ದೆ ಬರಿಸುವ ಕೆಲವು ಗುಳಿಗೆಗಳಲ್ಲಿಯೂ ಇದೇ ಗುಣವಿದೆ.

ಗುಳಿಗೆಗೆ ಮೊದಲು ಮಾಡಬೇಕಾದದ್ದು

ಮೊದಲು ಮೂರು ದಿನ ಒಂದು ಹಾಳೆಯಲ್ಲಿ ಬರೆದಿಡಿ: ಎಷ್ಟು ಗಂಟೆಗೆ ಏನನ್ನು ಎಷ್ಟು ಕುಡಿದಿರಿ, ಎಷ್ಟು ಗಂಟೆಗೆ ಮೂತ್ರಕ್ಕೆ ಹೋದಿರಿ, ಅಳತೆಯ ಪಾತ್ರೆಯಲ್ಲಿ ಎಷ್ಟು ಬಂತು, ಅವಸರ ಇತ್ತೇ ಇಲ್ಲವೇ. ಮಳೆಯ ಲೆಕ್ಕ ಬರೆಯುವ ಬೆಳೆಗಾರರಿಗೆ ಇದು ಕಷ್ಟವಾಗಲಾರದು. ಈ ಹಾಳೆಯೊಂದಿದ್ದರೆ ವೈದ್ಯರ ಅರ್ಧ ಕೆಲಸ ಮುಗಿದಂತೆ.

ನೀರು ಕುಡಿಯುವುದನ್ನು ಬಿಡಬೇಡಿ. ನೀರು ಕಡಮೆಯಾದರೆ ಮೂತ್ರ ಗಟ್ಟಿಯಾಗಿ ಒಳಪದರವನ್ನು ಕೆರಳಿಸುತ್ತದೆ, ಕಲ್ಲು ಕಟ್ಟುವ ಸಂಭವ ಹೆಚ್ಚುತ್ತದೆ, ಮಲಬದ್ಧತೆಯಾಗಿ ತೊಂದರೆ ಇಮ್ಮಡಿಸುತ್ತದೆ. ಹಗಲಲ್ಲಿ ಸಮನಾಗಿ ಹಂಚಿ ಕುಡಿದು, ಮಲಗುವ ಎರಡು ಮೂರು ಗಂಟೆ ಮೊದಲು ಕಡಮೆ ಮಾಡಿದರೆ ಸಾಕು.

ಅವಸರ ಬಂದಾಗ ಓಡಬಾರದು. ಓಡಿದಷ್ಟೂ ಅವಸರ ಹೆಚ್ಚುತ್ತದೆ. ನಿಂತಲ್ಲೇ ನಿಂತು ಅಥವಾ ಕುಳಿತು, ಮೂತ್ರ ತಡೆಹಿಡಿಯುವಾಗ ಬಿಗಿಯುವ ಸ್ನಾಯುಗಳನ್ನು ಐದಾರು ಸಲ ಬೇಗಬೇಗನೆ ಬಿಗಿದು ಸಡಿಲಿಸಬೇಕು. ಈ ಬಿಗಿತ ಬೆನ್ನುಹುರಿಗೆ ಸುದ್ದಿ ಕಳುಹಿಸಿ ಕೋಶದ ಹಿಂಡುವಿಕೆಯನ್ನು ಅಡಗಿಸುತ್ತದೆ. ಅವಸರದ ಅಲೆ ಇಳಿದ ಮೇಲೆ ನಿಧಾನವಾಗಿ ನಡೆದು ಹೋಗಬೇಕು. ಗಂಟೆಗೊಮ್ಮೆ ಹೋಗುವವರು ಮೊದಲ ವಾರ ಒಂದೂಕಾಲು ಗಂಟೆ, ಮುಂದಿನ ವಾರ ಒಂದೂವರೆ ಗಂಟೆ, ಹೀಗೆ ಅಂತರವನ್ನು ಹೆಚ್ಚಿಸುತ್ತ ಹೋಗಬೇಕು. ಕನಿಷ್ಠ ಆರು ವಾರ ಬಿಡದೆ ಮಾಡಿದರೆ ಫಲ ತಿಳಿಯುತ್ತದೆ. ಮಿದುಳಿನ ಹತೋಟಿಯನ್ನು ಮತ್ತೆ ಕಲಿಸುವ ಈ ಅಭ್ಯಾಸಕ್ಕೆ ಒಂದು ಕಾಸೂ ಖರ್ಚಿಲ್ಲ.

ರಾತ್ರಿ ಎದ್ದು ಹೋಗುವವರ ದಾರಿಯಲ್ಲಿ ಒಂದು ಸಣ್ಣ ದೀಪವಿರಲಿ. ಕತ್ತಲಲ್ಲಿ ಅವಸರದಿಂದ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಹಿರಿಯರು ಕಡಮೆಯಲ್ಲ.

ತಡಮಾಡಬಾರದ ಲಕ್ಷಣಗಳು

ಮೂತ್ರದಲ್ಲಿ ರಕ್ತ ಕಂಡರೆ, ನೋವಿಲ್ಲದಿದ್ದರೂ ಸರಿ, ಆ ವಾರವೇ ವೈದ್ಯರನ್ನು ಕಾಣಬೇಕು. ಚಳಿಜ್ವರದೊಂದಿಗೆ ಉರಿಮೂತ್ರ, ಮೂತ್ರ ಪೂರ್ತಿಯಾಗಿ ಕಟ್ಟಿಕೊಳ್ಳುವುದು, ಕಾಲುಗಳಲ್ಲಿ ಹಠಾತ್ತನೆ ಬಲ ಕುಂದುವುದು ಅಥವಾ ಮರಗಟ್ಟುವುದು, ಇವುಗಳಿಗೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೊನೆಯದಾಗಿ ತೋಟದ ಯಜಮಾನರಲ್ಲಿ ಒಂದು ಮಾತು. ಕೊಯ್ಲಿನ ಕಾಲದಲ್ಲಿ ಕೆಲಸಕ್ಕೆ ಬರುವ ಹೆಂಗಸರಿಗೆ ಬಾಗಿಲಿರುವ ಒಂದು ಕಕ್ಕಸು, ಕೈ ತೊಳೆಯಲು ನೀರು, ಹೋಗಿಬರಲು ಹತ್ತು ನಿಮಿಷದ ಬಿಡುವು, ಇಷ್ಟನ್ನು ಒದಗಿಸಿದರೆ ಅವರು ಧೈರ್ಯವಾಗಿ ನೀರು ಕುಡಿಯುತ್ತಾರೆ. ಹಾಗೆಯೇ ಮನೆಯ ಹಿರಿಯರು ಮದುವೆಮನೆಗೆ ಬರಲೊಲ್ಲೆ, ಬಸ್ ಹತ್ತಲೊಲ್ಲೆ ಎಂದಾಗ "ಯಾಕೆ ಅಜ್ಜಯ್ಯ?" ಎಂದು ಬದಿಗೆ ಕರೆದು ಕೇಳಿರಿ. ಅವರು ಬಾಯಿಬಿಟ್ಟು ಹೇಳಿದರೆ ಚಿಕಿತ್ಸೆಗೆ ಅದೇ ಆರಂಭ.